ಹೆಸರಿನಲ್ಲಿ ಕಾಯಕ

ಅಮೆರಿಕದಲ್ಲಿ ಗಂಡುಮಕ್ಕಳಿಗೆ ಅಡ್ಡಹೆಸರುಗಳನ್ನೇ ಹೆಸರಾಗಿ ಇಡುವ ರೂಢಿಯಿದೆ. ಮೇಸನ್ ಎಂದರೆ ಗೌಂಡಿ, ಕಾರ್ಟರ್ ಎಂದರೆ ಗಾಡಿ ಹೊಡೆಯುವವ, ಕೂಪರ್ ಎಂದರೆ ಮರದ ಪೀಪಾಯಿ ಮಾಡುವವ. 2011ರಲ್ಲಿ ಅಲ್ಲಿನ ಗಂಡುಮಕ್ಕಳ ಹೆಸರುಗಳಲ್ಲಿ ಮೇಸನ್‌ಗೆ ಎರಡನೆಯ ಸ್ಥಾನ. ಇದೆಂಥ ವಿಚಿತ್ರ ಹೆಸರೆಂದು ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಗೌಂಡಿಯ ಹೆಸರನ್ನು ಅಲ್ಲಿ ಮುದ್ದಿನಿಂದ ತೊಟ್ಟಿಲಿಗೆ ಹಾಕುತ್ತಾರೆ.

ನಮ್ಮಲ್ಲೋ ಕುಂಬಾರ, ಬಡಿಗೇರ, ಮಡಿವಾಳರ ಎಂಬ ಅಡ್ಡಹೆಸರು ಕಿವಿಗೆ ಬಿದ್ದೊಡನೆ ಜಾತಿಯ ಲೆಕ್ಕ ಶುರು. ಅದಕ್ಕಂಜಿ ಅಡ್ಡಹೆಸರನ್ನೇ ಬಿಟ್ಟವರಿದ್ದಾರೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ ಇವರ ಹೆಸರಿನಲ್ಲಿ ಕಾಯಕವೇ ಮುಂದಿದೆ. ಅವರ ಹೆಸರು ಹೇಳಿ ಕೈಮುಗಿಯುವ ನಾವು ಪಕ್ಕದ ಮನೆಯ ಮಡಿವಾಳರನ್ನು ಹೇಗೆ ಕಾಣುತ್ತೇವೆ?

ಶರಣ ಬಂಧುಗಳೇ, ಮಗುವಿಗೆ ಯಾವ ಹೆಸರನ್ನಾದರೂ ಇಡಿ. ಹೆಸರು ಕೇಳಿ ಕುಲ ಅಳೆಯುವುದನ್ನು ಮೊದಲು ಬಿಡೋಣ.