ತಂತಿಯ ಕೆಳಗಿನ ಮನೆಗೂ ಬೆಳಕು ಬೇಕು

ಸಂಜೆ ಏಳಕ್ಕೆ ಬೆಳಗಾವಿಯ ಖಡೇಬಜಾರಿನಲ್ಲಿ ಅಂಗಡಿಗಳೆಲ್ಲ ದೀಪ ಹಚ್ಚಿ ಕೂತಿರುವಾಗ ರಿಯಾದ್‌ನಲ್ಲಿ ಇನ್ನೂ ನಾಲ್ಕೂವರೆ. ಅಲ್ಲಿ ಬಿಸಿಲು ಚುರುಗುಟ್ಟುತ್ತಿರುತ್ತದೆ. ನಮ್ಮಲ್ಲಿ ಮನೆಮನೆಯ ಫ್ಯಾನು, ಟಿವಿ, ಮಿಕ್ಸರ್ ಒಮ್ಮೆಲೇ ಶುರುವಾಗುವ ಆ ಹೊತ್ತಿಗೆ ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಕತ್ತಲಲ್ಲಿ ಮಲಗಿರುತ್ತದೆ. ಅರಬ್ಬೀ ಸಮುದ್ರದ ತಳದಲ್ಲಿ ಕೇಬಲ್ ಹಾಸಿದರೆ ಅವರ ಇಳಿಬಿಸಿಲು ನಮ್ಮ ಸಂಜೆಗೆ ಒದಗುತ್ತದೆ, ನಮ್ಮ ಬೆಳಗಿನ ಬಿಸಿಲು ಅವರ ನಸುಕಿಗೆ. ‘ಒಂದು ಸೂರ್ಯ, ಒಂದು ಜಗತ್ತು, ಒಂದು ಗ್ರಿಡ್’ ಎಂದು 2018ರಿಂದ ದೆಹಲಿಯಲ್ಲಿ ಕೇಳಿಬರುತ್ತಿರುವ ಮಾತಿನ ತಿರುಳು ಇದು. 2023ರ ಅಕ್ಟೋಬರ್‌ನಲ್ಲಿ ಸೌದಿ ಅರೇಬಿಯಾದ ಜೊತೆ, 2025ರ ಏಪ್ರಿಲ್‌ನಲ್ಲಿ ಶ್ರೀಲಂಕಾದ ಜೊತೆ ಗ್ರಿಡ್ ಜೋಡಣೆಯ ಒಪ್ಪಂದಕ್ಕೆ ಸಹಿ ಬಿದ್ದಿದೆ.

ಬೆಳಗಾವಿ, ಖಾನಾಪುರ ಕಡೆ ಮೂವತ್ತೊಂದು ವರ್ಷ ಲೈನ್‌ಮನ್ ಆಗಿ ಕಂಬ ಹತ್ತಿದವನು ನಾನು. ಮೊದಲು ಕೆಇಬಿ, ಆಮೇಲೆ ಕೆಪಿಟಿಸಿಎಲ್, 2002ರಿಂದ ಹೆಸ್ಕಾಂ. ಬೋರ್ಡಿನ ಹೆಸರು ಏನೇ ಆಗಲಿ, ಹಳ್ಳಿಯವರ ಬಾಯಲ್ಲಿ ನಾನು ನಿವೃತ್ತಿಯ ದಿನದವರೆಗೂ ‘ಕೆಇಬಿಯವ’. ಇಂಥ ಸುದ್ದಿ ಓದಿದರೆ ನನಗೆ ನಿಜವಾಗಿಯೂ ಸಂತೋಷವಾಗುತ್ತದೆ. ಒಂದು ಊರಿನ ಗಾಳಿ ನಿಂತಾಗ ಇನ್ನೊಂದು ಊರಿನ ಗಾಳಿ ಕೈಹಿಡಿಯಬೇಕು. ಗ್ರಿಡ್ ಇರುವುದೇ ಅದಕ್ಕೆ.

ಸಮುದ್ರದಡಿ ಕರೆಂಟು ಸಾಗಿಸುವ ಕೆಲಸ ಹೊಸದೂ ಅಲ್ಲ. ಸ್ವೀಡನ್ನಿನವರು 1954ರಲ್ಲೇ ಗಾಟ್‌ಲೆಂಡ್ ದ್ವೀಪಕ್ಕೆ ಸಮುದ್ರದಡಿ ಡಿಸಿ ಕೇಬಲ್ ಎಳೆದರು. ನಾರ್ವೆಯ ಜಲವಿದ್ಯುತ್ತು 2021ರಿಂದ 720 ಕಿ.ಮೀ. ಉದ್ದದ ಕೇಬಲಿನಲ್ಲಿ ಬ್ರಿಟನ್ನಿಗೆ ಹೋಗುತ್ತಿದೆ. ಡಿಸಿಯೇ ಏಕೆ ಎಂದರೆ, ನೀರಿನಡಿಯ ಉದ್ದನೆಯ ಕೇಬಲ್ ತಾನೇ ಒಂದು ದೊಡ್ಡ ಕೆಪಾಸಿಟರ್ ಇದ್ದಹಾಗೆ. ಸೆಕೆಂಡಿಗೆ ಐವತ್ತು ಸುತ್ತು ಹಿಂದೆಮುಂದೆ ಓಡುವ ಎಸಿ ಕರೆಂಟು ಆ ಕೇಬಲನ್ನು ತುಂಬಿಸಿ ಬರಿದು ಮಾಡುವುದರಲ್ಲೇ ದಣಿದುಬಿಡುತ್ತದೆ, ಆಚೆ ದಡಕ್ಕೆ ಹೆಚ್ಚೇನೂ ಮುಟ್ಟುವುದಿಲ್ಲ. ನೆಲದ ಮೇಲೂ ದೂರದ ಸಾಗಣೆಗೆ ಡಿಸಿ ಬಂದಿದೆ. ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರಕ್ಕೆ 2003ರಿಂದ ಬರುತ್ತಿರುವುದು ಡಿಸಿಯೇ.

ಆದರೆ ಲೈನ್‌ಮನ್ನನ ಕಣ್ಣು ಮೊದಲು ಹೋಗುವುದು ಫಾಲ್ಟ್ ಕಡೆಗೆ. ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪಕ್ಕೆ ಹೋಗುವ ಬಾಸ್‌ಲಿಂಕ್ ಕೇಬಲ್ 2015ರ ಡಿಸೆಂಬರ್‌ನಲ್ಲಿ ಕೆಟ್ಟಿತು. ಸರಿಯಾದದ್ದು 2016ರ ಜೂನ್‌ನಲ್ಲಿ. ಆ ವರ್ಷ ಅಲ್ಲಿ ಮಳೆಯೂ ಇಲ್ಲದೆ ಅಣೆಕಟ್ಟುಗಳು ತಳ ಕಂಡಿದ್ದವು. ಡೀಸೆಲ್ ಜನರೇಟರ್ ತರಿಸಿ ದಿನ ದೂಡಿದರು. ನಾವು ಜಾಂಬೋಟಿ ರಸ್ತೆಯಲ್ಲಿ ಟಾರ್ಚ್ ಹಿಡಿದು ಕಂಬದಿಂದ ಕಂಬಕ್ಕೆ ಫಾಲ್ಟ್ ಹುಡುಕಿದಂತೆ ಸಮುದ್ರದ ತಳದಲ್ಲಿ ನಡೆಯಲು ಬರುವುದಿಲ್ಲ.

ಸಮುದ್ರದಲ್ಲಿ ಯಾರ ಹೊಲವೂ ಇಲ್ಲ. ದಡ ಮುಟ್ಟಿದ ಮೇಲೆ ಕರೆಂಟು ಟವರ್ ಹತ್ತಲೇಬೇಕು, ಯಾರದೋ ಹೊಲ, ಯಾರದೋ ಕಾಡು ದಾಟಲೇಬೇಕು. ಆ ಭಾಗ ಹೇಗಿರುತ್ತದೆ ಎಂಬುದನ್ನು ಖಾನಾಪುರ ತಾಲ್ಲೂಕು ಚೆನ್ನಾಗಿ ಬಲ್ಲದು.

ತೊಂಬತ್ತರ ದಶಕದ ಒಂದು ಜುಲೈ. ಲೋಂಡಾ ಕಡೆಯ ಒಂದು ವಾಡಿಗೆ ಒಂಬತ್ತು ದಿನದಿಂದ ಕರೆಂಟಿರಲಿಲ್ಲ. ಮತ್ತಿ ಮರದ ಟೊಂಗೆ ಹನ್ನೊಂದು ಕೆವಿ ಲೈನಿನ ಮೇಲೆ ಬಿದ್ದು ಮೂರು ಕಂಬ ಮಲಗಿಬಿಟ್ಟಿದ್ದವು. ನಾನೂ ನನ್ನ ಸಹಾಯಕನೂ ಎಲ್‌ಸಿ (ಲೈನ್ ಕ್ಲಿಯರ್) ತಗೊಂಡು, ಹೆಗಲ ಮೇಲೆ ಹಗ್ಗ, ಬಿದಿರಿನ ಗಳ ಹೊತ್ತು, ಇಂಬಳ ಕಿತ್ತೆಸೆಯುತ್ತ ಹೋದೆವು. ಕೆಲಸ ಮುಗಿಯುವ ಹೊತ್ತಿಗೆ ಕತ್ತಲಾಯಿತು. ಒಬ್ಬ ಮುದುಕಿ ಕಂದೀಲು ಹಿಡಿದು ಬಂದು ಕರಿ ಚಹಾ ಕೊಟ್ಟಳು. ಅವಳ ಮನೆಯ ನೆತ್ತಿಯ ಮೇಲೇ ಗೋವಾ ಕಡೆ ಹೋಗುವ ದೊಡ್ಡ ಲೈನು. ತುಂತುರು ಹನಿಗೆ ತಂತಿ ಚರ್ರ್ ಎಂದು ಸದ್ದು ಮಾಡುತ್ತಿತ್ತು. ಅವಳು ತಲೆಯೆತ್ತಿ ನೋಡಿ ಕೇಳಿದಳು: “ಅಷ್ಟ ದೊಡ್ಡ ತಂತಿ ಮ್ಯಾಲ ಹೊಂಟೈತಲ್ಲೋ ತಮ್ಮಾ, ಅದರಾಗಿಂದ ಒಂದ್ ಎಳಿ ನಮ್ಮ ಮನಿಗಿ ಇಳಸಾಕ ಬರಂಗಿಲ್ಲೇನು?”

“ಇಲ್ಲ ಆಯೀ, ಅದರ ವೋಲ್ಟೇಜು ಬಾಳ ಐತಿ. ಇಳಸಬೇಕಂದ್ರ ದೊಡ್ಡ ಸ್ಟೇಷನ್ ಕಟ್ಟಬೇಕಾಗತೈತಿ, ಕೋಟಿಗಟ್ಟಲೆ ಖರ್ಚು” ಅಂದೆ. ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮೇಲಿನ ಲೈನು ಟ್ರಿಪ್ಪಾದರೆ ಗಂಟೆಯೊಳಗೆ ಜೀಪುಗಳು ಓಡುತ್ತಿದ್ದವು. ಅವಳ ಲೈನಿಗೆ ಒಂಬತ್ತು ದಿನ.

ಈಗ ಅದೇ ಸೀಮೆಯಲ್ಲಿ ಗೋವಾ–ತಮ್ನಾರ್ ಯೋಜನೆಯ ತಕರಾರು. ಧಾರವಾಡದ ನರೇಂದ್ರದಿಂದ ಗೋವಾದ ಶೆಲ್ಡೆಗೆ 400 ಕೆವಿ ಲೈನು. ಧಾರವಾಡ, ಬೆಳಗಾವಿ, ಉತ್ತರ ಕನ್ನಡ ಜಿಲ್ಲೆಗಳ ಕಾಡು ದಾಟಬೇಕು. ಯೋಜನೆಯ ಹೆಸರಿನಲ್ಲಿರುವ ತಮ್ನಾರ್ ಇರುವುದು ಛತ್ತೀಸಗಢದ ರಾಯಗಢ ಜಿಲ್ಲೆಯ ಕಲ್ಲಿದ್ದಲ ಸೀಮೆಯಲ್ಲಿ. ಗೋವಾದ ಜನರೇ 2020ರಲ್ಲಿ ಮೊಲೆಂ ಕಾಡು ಉಳಿಸಿ ಎಂದು ಬೀದಿಗಿಳಿದರು. ಸುಪ್ರೀಂ ಕೋರ್ಟಿನ ಕೇಂದ್ರೀಯ ಉನ್ನತಾಧಿಕಾರ ಸಮಿತಿ 2021ರಲ್ಲಿ, ಗೋವಾದ ಕಾಡಿನಲ್ಲಿ ಹೊಸ ದಾರಿ ಕಡಿಯಬೇಡಿ, ಈಗಿರುವ 220 ಕೆವಿ ಲೈನಿನ ದಾರಿಯಲ್ಲೇ ಹೋಗಿ ಎಂದಿತು. ಅದು ಸರಿಯಾದ ಮಾತು. ಹಳೆಯ ದಾರಿಯಲ್ಲಿ ಎತ್ತರದ ಟವರ್ ನಿಲ್ಲಿಸಿ ಎರಡು–ನಾಲ್ಕು ಸರ್ಕ್ಯೂಟ್ ಒಯ್ಯುವುದು ಕಷ್ಟವಾದರೂ ಆಗದ ಕೆಲಸವಲ್ಲ. ಗಡಿಯ ಈಚೆಗೂ ಅದೇ ನಿಯಮ ಇರಲಿ.

ಮಹದಾಯಿ ನದಿಯ ನೀರಿಗೆ ಅನುಮತಿ ತಡೆದು ಕೇಂದ್ರದವರು ಈ ಲೈನಿಗೆ ಮಾತ್ರ ಒತ್ತಡ ಹಾಕುತ್ತಾರೆ ಎಂಬುದು ಕರ್ನಾಟಕ ಸರ್ಕಾರದ ಅಸಮಾಧಾನ. ಅದರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ನೀರಿಗೆ ಪ್ರತಿಯಾಗಿ ಕಾಡು ಕೊಡುವ ಚೌಕಾಸಿಗೆ ನಾನು ಒಪ್ಪುವುದಿಲ್ಲ. ಮಹದಾಯಿ, ಮಲಪ್ರಭೆ ಎರಡೂ ಹುಟ್ಟುವುದು ಖಾನಾಪುರದ ಈ ಕಾಡಿನಲ್ಲೇ.

ಇನ್ನು ಹೊಲದ ಮಾತು. ನಮ್ಮಣ್ಣನ ಹೊಲದಲ್ಲಿ ಒಂದು ದೊಡ್ಡ ಟವರ್ ಇದೆ. ನಾಲ್ಕು ಕಾಲಿನ ನಡುವೆ ಟ್ರ್ಯಾಕ್ಟರ್ ಹೊರಳುವುದಿಲ್ಲ. ಅಲ್ಲಿ ಬೆಳೆಯುವುದು ಹುಲ್ಲು ಮತ್ತು ಲಂಟಾನ. 400 ಕೆವಿ ಲೈನಿಗೆ 46 ಮೀಟರ್ ಅಗಲದ ಪಟ್ಟಿ ಬೇಕು. ಅದರಡಿ ಮನೆ ಕಟ್ಟುವಂತಿಲ್ಲ, ಮಾವು, ಹಲಸು ಬೆಳೆಸುವಂತಿಲ್ಲ. ಹೊಲ ಉತಾರದಲ್ಲಿ ಅಣ್ಣನ ಹೆಸರಿನಲ್ಲೇ ಇದೆ, ಕೊಳ್ಳುವವರು ಟವರ್ ನೋಡಿ ತಿರುಗಿ ಹೋಗುತ್ತಾರೆ. ಅವನಿಗೆ ಸಿಕ್ಕಿದ್ದು ಒಂದೇ ಒಂದು ಚೆಕ್ಕು. ಬೇಡ ಎನ್ನುವ ಹಕ್ಕೂ ಅವನಿಗಿರಲಿಲ್ಲ: 2003ರ ವಿದ್ಯುತ್ ಕಾಯ್ದೆಯ 164ನೇ ಕಲಂ ಲೈನು ಎಳೆಯುವವರಿಗೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಕೊಡಿಸುತ್ತದೆ. ಟೆಲಿಗ್ರಾಂ 2013ರಲ್ಲೇ ನಿಂತುಹೋಯಿತು, ಆ ಅಧಿಕಾರ ಮಾತ್ರ ರೈತನ ಹೊಲದಲ್ಲಿ ಇನ್ನೂ ನಿಂತಿದೆ.

ಬೆಳಗಾವಿಯ ಟಿಳಕವಾಡಿಯಲ್ಲಿ ತಾರಸಿಯ ಮೇಲೆ ಮೊಬೈಲ್ ಟವರ್ ಇಡಿಸಿಕೊಂಡವರಿಗೆ ಬಾಡಿಗೆ ಬರುತ್ತದೆ. ಟೆಂಡರ್ ಗೆದ್ದು ಅಂತರರಾಜ್ಯ ಲೈನು ಎಳೆದ ಕಂಪನಿಗೆ 35 ವರ್ಷದ ಕರಾರಿನ ಮೇಲೆ ಸಾಗಣೆ ಶುಲ್ಕ ಸಿಗುತ್ತದೆ. ಹಾಗಿದ್ದರೆ ಟವರ್ ಹೊತ್ತ ಹೊಲಕ್ಕೂ ಅಷ್ಟೇ ವರ್ಷ ಬಾಡಿಗೆ ಏಕೆ ಬರಬಾರದು? ಗುಜರಾತದ ದಡದಿಂದಲೋ ತಮಿಳುನಾಡಿನ ದಡದಿಂದಲೋ ದೇಶ ಕರೆಂಟು ಮಾರಿದಾಗ ಬರುವ ಲಾಭದಲ್ಲಿ ಆ ಬಾಡಿಗೆ ದೊಡ್ಡ ಹೊರೆಯಾಗಲಾರದು. ದೊಡ್ಡ ಲೈನಿಗೆ ಮಂಜೂರಾತಿ ಕೊಡುವಾಗಲೇ ಅದರಡಿಯ ಹಳ್ಳಿಗಳ ಹನ್ನೊಂದು ಕೆವಿ ಲೈನು ಗಟ್ಟಿ ಮಾಡುವ ಖರ್ಚನ್ನೂ ಯೋಜನೆಗೆ ಸೇರಿಸಬೇಕು. ಕಾಡೊಳಗಿನ ಲೈನಿಗೆ ಬರಿ ತಂತಿಯ ಬದಲು ಹೊದಿಕೆ ಇರುವ ಕೇಬಲ್ ಎಳೆದರೆ ಟೊಂಗೆ ತಾಗಿ ಟ್ರಿಪ್ಪಾಗುವುದು ಎಷ್ಟೋ ಕಡಿಮೆಯಾಗುತ್ತದೆ. ಮೂವತ್ತೊಂದು ಮಳೆಗಾಲ ಕಂಡು ಹೇಳುತ್ತಿದ್ದೇನೆ.

ಅಲ್ಲಿಯವರೆಗೆ, ಲೈನಿನ ದಾರಿಯಲ್ಲಿ ಹೊಲ ಇರುವವರಲ್ಲಿ ಒಂದು ವಿನಂತಿ. ಕೇಂದ್ರ ಇಂಧನ ಸಚಿವಾಲಯದ 2024ರ ಜೂನ್ ಮಾರ್ಗಸೂಚಿಯ ಪ್ರಕಾರ ಟವರಿನ ತಳದ ಜಾಗಕ್ಕೆ ಜಮೀನು ಬೆಲೆಯ ಎರಡು ಪಟ್ಟು, ತಂತಿಯಡಿಯ ಪಟ್ಟಿಗೆ ಬೆಲೆಯ ಶೇ 30ರಷ್ಟು ಪರಿಹಾರ. ಮೊದಲು ಇದು ಶೇ 85 ಮತ್ತು ಶೇ 15 ಇತ್ತು. ಪಂಚನಾಮೆಗೆ ಸಹಿ ಹಾಕುವ ಮೊದಲು ಆ ಮಾರ್ಗಸೂಚಿಯ ಪ್ರತಿ ಕೇಳಿ ಪಡೆಯಿರಿ, ಒಂದೊಂದು ಮರವನ್ನೂ ಎಣಿಸಿ ಬರೆಸಿ. ಪರಿಹಾರ ಸಾಲದೆನಿಸಿದರೆ ಅದೇ 1885ರ ಕಾಯ್ದೆಯ 16ನೇ ಕಲಂ ಅಡಿ ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ ಹಾಕಲು ನಿಮಗೆ ಹಕ್ಕಿದೆ. ನಮ್ಮಣ್ಣನಿಗೆ ಇದನ್ನು ಯಾರೂ ಹೇಳಿರಲಿಲ್ಲ.