‘ಝೀರೋ’ ಎಂಬ ಜಾಹೀರಾತು

ಬಿಸ್ಕತ್ತು ಪೊಟ್ಟಣದ ಮುಖದ ಮೇಲೆ ‘ಝೀರೋ ಟ್ರಾನ್ಸ್ ಫ್ಯಾಟ್’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕುವ ಕಂಪನಿಗಳು, ಕಾನೂನು ಪಾಲಿಸಿದ್ದನ್ನೇ ನಮಗೆ ಮಾಡಿದ ಉಪಕಾರವೆಂಬಂತೆ ಮಾರುತ್ತಿವೆ. ವನಸ್ಪತಿಯಲ್ಲಿ, ಎಣ್ಣೆಯಲ್ಲಿ, ಅವು ಸೇರಿದ ತಿನಿಸಿನ ಕೊಬ್ಬಿನಲ್ಲಿ ಕಾರ್ಖಾನೆಯ ಟ್ರಾನ್ಸ್ ಕೊಬ್ಬು ಶೇ 2ನ್ನು ಮೀರಬಾರದೆಂಬ ನಿಯಮ 2022ರ ಜನವರಿಯಿಂದಲೇ ಜಾರಿಯಲ್ಲಿದೆ. 2011ರಲ್ಲಿ ಶೇ 10ರ ತನಕ ಅನುಮತಿ ಇತ್ತು. ಡೆನ್ಮಾರ್ಕ್ 2003ರಲ್ಲೇ ಮುಗಿಸಿದ ಕೆಲಸಕ್ಕೆ ನಾವು ಇಷ್ಟು ಕಾಲ ತೆಗೆದುಕೊಂಡೆವು. ಆದರೂ ಈ ನಿಯಮ ತಂದದ್ದು ಒಳ್ಳೆಯದೇ ಆಯಿತು. ಟ್ರಾನ್ಸ್ ಕೊಬ್ಬು ಕೆಟ್ಟ ಕೊಲೆಸ್ಟರಾಲನ್ನು ಏರಿಸಿ, ಒಳ್ಳೆಯದನ್ನು ಇಳಿಸಿ, ಎರಡೂ ಕಡೆಯಿಂದ ಹೃದಯಕ್ಕೆ ಪೆಟ್ಟು ಕೊಡುತ್ತದೆ.

ನನ್ನ ತಕರಾರು ಮುಂದಿನದು. ಪಫ್ಸ್‌ನ ಪದರ ಬಿಡಿಸಿಕೊಂಡು ಬರಬೇಕಾದರೆ, ಕ್ರೀಮ್ ಬಿಸ್ಕತ್ತಿನ ಕ್ರೀಮ್ ಕರಗದೆ ನಿಲ್ಲಬೇಕಾದರೆ ಗಟ್ಟಿ ಜಿಡ್ಡು ಬೇಕೇ ಬೇಕು. ಹೈಡ್ರೋಜನ್ ಹಾಯಿಸಿ ಅರೆಬರೆ ಗಟ್ಟಿ ಮಾಡಿದ ಎಣ್ಣೆ ಹೋದ ಕಡೆ ಹೆಚ್ಚಾಗಿ ಬಂದು ಕೂತದ್ದು ಪಾಮ್ ಎಣ್ಣೆ. ಅದರ ಸುಮಾರು ಅರ್ಧ ಭಾಗ ಸ್ಯಾಚುರೇಟೆಡ್ ಕೊಬ್ಬು. ಟ್ರಾನ್ಸ್ ಕೊಬ್ಬಿನಷ್ಟು ಕೇಡಿನದಲ್ಲ ನಿಜ, ಆದರೆ ಮಕ್ಕಳಿಗೆ ದಿನಾ ತಿನ್ನಿಸುವ ಪದಾರ್ಥವೂ ಅಲ್ಲ. ಸೊನ್ನೆಯನ್ನು ಮುಂದೆ ಮೆರೆಸಿ, ಈ ಅಂಕಿಯನ್ನು ಹಿಂದೆ, ಭೂತಗನ್ನಡಿ ಹಿಡಿದರೂ ಕಾಣದ ಅಕ್ಷರದಲ್ಲಿ ಬಚ್ಚಿಡುವುದು ಯಾವ ಪ್ರಾಮಾಣಿಕತೆ?

ಇದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರ 2022ರ ಕರಡಿನಲ್ಲಿ ಸೂಚಿಸಿದ ಮದ್ದು ನಕ್ಷತ್ರಗಳು: ಅರ್ಧದಿಂದ ಐದರವರೆಗೆ. ಸಕ್ಕರೆ, ಉಪ್ಪು, ಕೊಬ್ಬಿಗೆ ಬಿದ್ದ ಕಪ್ಪು ಅಂಕವನ್ನು ನಾರಿನಂಶ, ಪ್ರೋಟೀನ್ ಸೇರಿಸಿ ತೊಳೆದುಕೊಳ್ಳಬಹುದಾದ ಲೆಕ್ಕ ಅದು. ಕೊಬ್ಬು ಹಾಗೇ ಉಳಿದರೂ ಒಂದಿಷ್ಟು ಓಟ್ಸ್ ಬೆರೆಸಿದರೆ ನಕ್ಷತ್ರ ಏರಬಹುದು. ಹೋಟೆಲಿಗೆ, ಸಿನಿಮಾಕ್ಕೆ ಸಿಗುವ ಮರ್ಯಾದೆ ಚಿಪ್ಸ್‌ಗೇಕೆ? ಚಿಲಿ ದೇಶ 2016ರಿಂದ ಮಿತಿ ಮೀರಿದ ಪೊಟ್ಟಣದ ಮೇಲೆ ಎಂಟು ಮೂಲೆಯ ಕಪ್ಪು ಗುರುತು ಹಾಕಿಸುತ್ತಿದೆ. ನಮಗೆ ಬೇಕಾದದ್ದು ಅದು.

ಹಾಗೆ ಮಾಡಿದರೆ ಮೈಸೂರು ಪಾಕಿಗೂ ಕಪ್ಪು ಗುರುತು ಬಿದ್ದು ಸಂಪ್ರದಾಯಕ್ಕೆ ಅವಮಾನವಾಗುತ್ತದಂತೆ! ಬೀಳಲಿ ಬಿಡಿ. ಮೈಸೂರು ಪಾಕ್ ತಿನ್ನುವವನಿಗೆ ತಾನು ತುಪ್ಪ ಸಕ್ಕರೆ ತಿನ್ನುತ್ತಿದ್ದೇನೆಂದು ಗೊತ್ತಿರುತ್ತದೆ. ಮೋಸ ಹೋಗುವವರು ‘ಡೈಜೆಸ್ಟಿವ್’, ‘ಮಲ್ಟಿಗ್ರೇನ್’ ಎಂದು ನಂಬಿ ಕೊಂಡವರು.

ಇನ್ನು ಬೇಕರಿಯ ಗಾಜಿನ ಕಪಾಟಿನಲ್ಲಿ ಬಿಡಿಯಾಗಿ ಮಾರುವ ಪಫ್ಸ್, ದಿಲ್‌ಪಸಂದ್‌ಗೆ ಹಿಂಬದಿಯ ಆ ಸಣ್ಣ ಅಕ್ಷರವೂ ಇಲ್ಲ. 2024ರಲ್ಲಿ ಗೋಬಿ ಮಂಚೂರಿಯ ಕೃತಕ ಬಣ್ಣವನ್ನು ನಿಷೇಧಿಸಿದ ರಾಜ್ಯ ಸರ್ಕಾರ, ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುವುದು ತನಗೆ ಬರುತ್ತದೆಂದು ತೋರಿಸಿದೆ. ಕಣ್ಣಿಗೆ ರಾಚುವ ಬಣ್ಣಕ್ಕೆ ತೋರಿದ ಆ ಚುರುಕು ಕಣ್ಣಿಗೆ ಬೀಳದ ಡಾಲ್ಡಾಕ್ಕೂ, ಕಾಯಿಸಿ ಕಾಯಿಸಿ ಕಪ್ಪಾದ ಬಾಣಲೆಯ ಎಣ್ಣೆಗೂ ಸಲ್ಲಬೇಕು.

ಪೊಟ್ಟಣದ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು ಎನ್ನುತ್ತದೆ ಆಹಾರ ಕಾನೂನು; ಅದರ ಪ್ರಕಾರ ಕನ್ನಡ ಕಡ್ಡಾಯವಲ್ಲ. ಹತ್ತು ರೂಪಾಯಿ ಹಿಡಿದು ಅಂಗಡಿಗೆ ಬರುವ ಹಳ್ಳಿಯ ಹುಡುಗಿಗೆ ಆ ಕಪ್ಪು ಗುರುತನ್ನಾದರೂ ಕೊಡಿ, ಕೆಳಗೊಂದು ಸಾಲು ಕನ್ನಡವನ್ನೂ.