ಡಾ. ಉದ್ವಾಡಿಯಾ ಅವರ 1972

ಮುಂಬಯಿಯ ಶಸ್ತ್ರವೈದ್ಯ ಡಾ. ತೆಹೆಮ್ಟನ್ ಉದ್ವಾಡಿಯಾ ಅವರು 2023ರ ಜನವರಿಯಲ್ಲಿ ದಿವಂಗತರಾದಾಗ ಪ್ರಕಟವಾದ ಲೇಖನವೊಂದನ್ನು ಮೊನ್ನೆ ಪುನಃ ಓದಿದೆನು. 1990ರ ಮೇ 31ರಂದು ಜೆ.ಜೆ. ಆಸ್ಪತ್ರೆಯಲ್ಲಿ, ಸಣ್ಣ ರಂಧ್ರದಿಂದ ಉದರದೊಳಕ್ಕೆ ತೂರಿಸುವ ಲ್ಯಾಪರಾಸ್ಕೋಪ್ ಎಂಬ ದರ್ಶಕನಳಿಕೆಯ ಮೂಲಕ ಪಿತ್ತಕೋಶವನ್ನು ತೆಗೆದ ಪ್ರಥಮ ಭಾರತೀಯರು ಅವರೆಂಬ ವಾಕ್ಯವೇ ಅದರ ಶಿರೋಭೂಷಣವಾಗಿದ್ದಿತು. ಈ ‘ಪ್ರಥಮ’ದ ವ್ಯಾಮೋಹ ನನಗೆ ಸಹ್ಯವಲ್ಲವೆಂಬುದನ್ನು ಈ ಅಂಕಣದ ವಾಚಕರು ಬಲ್ಲರು; ದೀರ್ಘವಾದ ಒಂದು ವೃತ್ತಿಜೀವನವನ್ನು ಅದು ಒಂದು ದಿನಾಂಕಕ್ಕೆ ಕುಗ್ಗಿಸಿಬಿಡುತ್ತದೆ.

ಮೊದಲಿಗರನ್ನೇ ಅರಸಹೊರಟರೆ ಆ ಅನ್ವೇಷಣೆಗೆ ಕೊನೆಯೆಲ್ಲಿ? ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿಯೇ ಫ್ರಾಂಕ್‌ಫರ್ಟಿನ ಬೊಜ್ಜೀನಿ ಮೇಣದಬತ್ತಿಯ ಬೆಳಕನ್ನು ನಳಿಕೆಯೊಂದರ ಮೂಲಕ ದೇಹದೊಳಕ್ಕೆ ಹಾಯಿಸಿದನು. 1901ರಲ್ಲಿ ಕೆಲ್ಲಿಂಗ್ ಎಂಬ ವೈದ್ಯನು ಹ್ಯಾಂಬರ್ಗಿನ ವಿದ್ವತ್ಸಭೆಯೆದುರು ನಾಯಿಯೊಂದರ ಉದರಕ್ಕೆ ಗಾಳಿ ತುಂಬಿ ಒಳಗನ್ನು ನೋಡಿ ತೋರಿಸಿದನು. ಕೀಲ್ ನಗರದ ಕುರ್ಟ್ ಸೆಮ್ ಅವರ ವಿಷಯವನ್ನಂತೂ ಎಷ್ಟು ಹೇಳಿದರೂ ನನಗೆ ತೃಪ್ತಿಯಿಲ್ಲ. ಉಪಕರಣ ತಯಾರಿಕೆಯಲ್ಲಿ ಪಳಗಿದ ಕೈಯುಳ್ಳ ಆ ಸ್ತ್ರೀರೋಗತಜ್ಞರು, ಉದರಕ್ಕೆ ತುಂಬುವ ಅನಿಲದ ಒತ್ತಡವನ್ನು ತಾನೇ ನಿಯಂತ್ರಿಸಿಕೊಳ್ಳುವ ಯಂತ್ರವನ್ನು ರೂಪಿಸಿ, 1980ರಲ್ಲಿ ಅಪೆಂಡಿಕ್ಸನ್ನು ಈ ಮಾರ್ಗದಿಂದಲೇ ತೆಗೆದಾಗ, ಜರ್ಮನ್ ಶಸ್ತ್ರವೈದ್ಯರ ಸಂಘದ ಅಧ್ಯಕ್ಷರು ಅವರನ್ನು ವೃತ್ತಿಯಿಂದ ಅಮಾನತುಗೊಳಿಸಬೇಕೆಂದು ಪತ್ರ ಬರೆದರು. 1985ರಲ್ಲಿ ಬೋಬ್ಲಿಂಗೆನ್ನಿನ ಎರಿಕ್ ಮ್ಯೂಹೆ ಇದೇ ಮಾರ್ಗದಿಂದ ಪಿತ್ತಕೋಶವನ್ನು ತೆಗೆದರು. ಮರುವರ್ಷ ಅದೇ ಸಂಘದ ಸಮ್ಮೇಳನದಲ್ಲಿ ಅವರಿಗೆ ದೊರೆತುದು ಪರಿಹಾಸ, 1992ರಲ್ಲಿ ಪುರಸ್ಕಾರ.

ಇಷ್ಟನ್ನು ಬರೆದ ಮೇಲೆ ನನಗೆ ಹೊಳೆಯುತ್ತಿರುವುದೇನೆಂದರೆ, ಯಾರು ಮೊದಲೆಂಬುದಕ್ಕಿಂತ ಯಾರಿಗಾಗಿ ಎಂಬುದೇ ಇಲ್ಲಿ ಕೇಳಬೇಕಾಗಿದ್ದ ಪ್ರಶ್ನೆ. ಉದ್ವಾಡಿಯಾ ಅವರು ಜೆ.ಜೆ. ಆಸ್ಪತ್ರೆಯಲ್ಲಿ ಲ್ಯಾಪರಾಸ್ಕೋಪಿನ ಮೂಲಕ ಉದರದರ್ಶನವನ್ನು ಆರಂಭಿಸಿದುದು 1972ರಲ್ಲಿ, ಕೇವಲ ರೋಗನಿದಾನಕ್ಕಾಗಿ. ಸ್ಕ್ಯಾನಿಂಗ್ ಯಂತ್ರಗಳು ಇನ್ನೂ ಬಾರದಿದ್ದ ಆ ಕಾಲದಲ್ಲಿ, ಹೊಟ್ಟೆಯೊಳಗಿನದು ಕ್ಷಯವೋ ಅರ್ಬುದವೋ ಎಂದು ತಿಳಿಯುವುದಕ್ಕಾಗಿಯೇ ಬಡರೋಗಿಯ ಉದರವನ್ನು ಉದ್ದಕ್ಕೆ ಸೀಳಬೇಕಾಗುತ್ತಿದ್ದಿತು. ಅಲ್ಪಚ್ಛೇದದ ಚಿಕಿತ್ಸೆಯು ಧನಿಕರ ವಿಲಾಸವೆಂದು ಅನೇಕರು ಭಾವಿಸಿದ್ದಾಗ, ಅದರ ನಿಜವಾದ ಅಗತ್ಯವಿರುವುದು ಬಡವನಿಗೆ ಎಂದು ಅವರು ವಾದಿಸುತ್ತ ಬಂದರು. ಆ ವಾದಕ್ಕೆ ನಾನು ಸಂಪೂರ್ಣವಾಗಿ ಸಮ್ಮತಿಸುತ್ತೇನೆ. ಸಂಬಳದ ರಜೆಯುಳ್ಳವನು ತಿಂಗಳುಗಟ್ಟಲೆ ಮಲಗಿಯಾನು; ದಿನಗೂಲಿಯವನು ಮಲಗಿದಷ್ಟು ದಿನ ಮನೆಯ ಒಲೆ ಉರಿಯದು. ಸಣ್ಣ ಗಾಯದಿಂದ ಅವನಿಗೆ ಉಳಿಯುವುದು ಅಂದಚಂದವಲ್ಲ, ಕೂಲಿ.

ಆದುದರಿಂದ ಉದ್ವಾಡಿಯಾ ಅವರ ಚರಿತ್ರೆಯನ್ನು ಬರೆಯುವವರು 1990ರಿಂದಲ್ಲ, ಪಿತ್ತಕೋಶದ ಸುದ್ದಿಯೇ ಇಲ್ಲದಿದ್ದ 1972ರಿಂದ ಆರಂಭಿಸಬೇಕು; ಆ ನಡುವಣ ಹದಿನೆಂಟು ವರ್ಷಗಳೇ ಅವರ ಮುಖ್ಯವಾದ ಸಾಧನೆ.